ಸೋಲಾರ್ ಬ್ಯಾಕಪ್ ಕಾಯಿಲ್‌ಗೆ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕ್ಸಿರೋರು ಯಾರಾದ್ರೂ ಇದೀರಾ?

ನಾಗರಭಾವಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮನೆ ನಾಗರಭಾವಿಲಿ, ಗ್ರೌಂಡ್ ಫ್ಲೋರಲ್ಲಿ ಅಪ್ಪ ಅಮ್ಮ ಇದಾರೆ, ಫಸ್ಟ್ ಫ್ಲೋರಲ್ಲಿ ನಾವು, ಅದರ ಮೇಲೆ ತಾರಸಿ. ತಾರಸಿಲಿ 200 ಲೀಟರ್ ಸೋಲಾರ್ ಇದೆ, ಗ್ಲಾಸ್ ಟ್ಯೂಬಿಂದು, ಮನೆ ಕಟ್ಟಿಸ್ದಾಗಲೇ ಹಾಕ್ಸಿದ್ದು. ಟ್ಯಾಂಕ್ ಒಳಗೆ ಬಿಸಿಲಿಲ್ದಾಗ ಕರೆಂಟಲ್ಲಿ ನೀರು ಕಾಯಿಸೋಕೆ 2 ಕಿಲೋವ್ಯಾಟ್ ಬ್ಯಾಕಪ್ ಕಾಯಿಲ್ ಇದೆ, ಅದರ ಸ್ವಿಚ್ ಮಾತ್ರ ಕೆಳಗೆ ಅಡುಗೆಮನೆ ಪಕ್ಕದಲ್ಲಿದೆ.

ಬೇಸಿಗೇಲಿ ಆ ಸ್ವಿಚ್ ಮುಟ್ಟೋದೇ ಬೇಡ, ನೀರು ಕೈ ಸುಡೋ ಹಾಗೆ ಬರತ್ತೆ. ಕಷ್ಟ ಶುರುವಾಗೋದು ಜುಲೈ ಆಗಸ್ಟಲ್ಲಿ ವಾರಗಟ್ಲೆ ಮೋಡ ಮುಚ್ಕೊಂಡಿರತ್ತಲ್ಲ ಆವಾಗ, ಆಮೇಲೆ ನವೆಂಬರ್ ಡಿಸೆಂಬರಲ್ಲಿ ಬಂಗಾಳಕೊಲ್ಲಿಲಿ ಏನಾದ್ರೂ ವಾಯುಭಾರ ಕುಸಿತ ಆಯ್ತು ಅಂದ್ರೆ ಮತ್ತೆ ಅದೇ ಕಥೆ. ಅಮ್ಮ ಬೆಳಗ್ಗೆ ಐದಕ್ಕೆಲ್ಲ ಸ್ನಾನ ಮುಗಿಸಿ ದೇವರ ಮನೆಗೆ ಹೋಗೋರು, ಅದಕ್ಕೆ ರಾತ್ರಿ ಮಲಗೋಕ್ ಮುಂಚೆ ಕಾಯಿಲ್ ಆನ್ ಮಾಡಿ ಮಲಗ್ತಾರೆ, ಬೆಳಗ್ಗೆ ಪೂಜೆ ತಿಂಡಿ ಗಡಿಬಿಡೀಲಿ ಆಫ್ ಮಾಡೋದು ಯಾರಿಗೂ ನೆನಪಿರಲ್ಲ. ಸ್ವಿಚ್ ಹಾಕೋವಾಗ ಮೇಲೆ ನೀರು ಬಿಸಿ ಇದೆಯಾ ಇಲ್ವಾ ಅಂತಾನೂ ಗೊತ್ತಾಗಲ್ಲ. ನಲ್ಲಿ ಬಿಟ್ಟು ನೋಡ್ಬೇಕು, ಅಷ್ಟರಲ್ಲಿ ಕಾಲು ಬಕೆಟ್ ತಣ್ಣೀರು ಹೋಗಿರತ್ತೆ.

ಅಮೆರಿಕಾದಲ್ಲಿ ನಮ್ಮಕ್ಕನ ಮನೇಲಿ ಮನೆ ಬೆಚ್ಚಗಿಡೋಕೆ ಎಣ್ಣೇಲಿ ಉರಿಯೋ ಬಾಯ್ಲರ್ ಇದೆ, ಅದಕ್ಕೆ ಗೋಡೆ ಮೇಲೆ ಒಂದು ರೌಂಡ್ ಸ್ಮಾರ್ಟ್ ಥರ್ಮೋಸ್ಟಾಟ್ (ಬಿಸಿ ಎಷ್ಟಿದೆ ನೋಡಿ ತಾನೇ ಆನ್ ಆಫ್ ಮಾಡೋದು) ಹಾಕ್ಸಿದಾರೆ, ಎಲ್ಲಿದ್ರೂ ಫೋನಲ್ಲೇ ನೋಡ್ತಾರೆ, ಟೈಮ್ ಸೆಟ್ ಮಾಡ್ತಾರೆ. ಬರೋವಾಗ ಒಂದು ತರ್ತೀನಿ ಅಂತಿದಾರೆ. ಅದನ್ನೇ ನಮ್ಮ ಕಾಯಿಲ್‌ಗೆ ಕೊಡಬಹುದಾ, ಇಲ್ಲ ಇಲ್ಲೇ ಸಿಗೋ ವೈಫೈ ಸ್ವಿಚ್ ಸಾಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಜೆಪಿನಗರ_ಟೆಕ್ಕಿ

ಅಷ್ಟೆಲ್ಲ ಯಾಕೆ ಗುರು, 16 ಆಂಪ್ಸ್ ಸ್ಮಾರ್ಟ್ ಪ್ಲಗ್ ತಗೊಳಿ, ಬೆಳಗ್ಗೆ ಮೂರುವರೆಗೆ ಆನ್ ಐದಕ್ಕೆ ಆಫ್ ಅಂತ ಶೆಡ್ಯೂಲ್ ಹಾಕಿ, ಮುಗೀತು. ನಮ್ಮನೆ ಗೀಸರ್‌ಗೆ ಹಾಗೇ ಮಾಡಿರೋದು, ಆರಾಮಾಗಿ ನಡೀತಿದೆ.

ವೈರಿಂಗ್_ರಾಜಾಜಿನಗರ

ಗೀಸರ್‌ಗೆ ಸರಿ ಸರ್, ಆದ್ರೆ ಇವರದ್ದು ಸೋಲಾರ್ ಕಾಯಿಲ್, ಅದಕ್ಕೆ ಸಾಮಾನ್ಯವಾಗಿ ಪ್ಲಗ್ಗೇ ಇರಲ್ಲ. ಕೆಳಗಿನ ಸ್ವಿಚ್ಚಿಂದ ಪೈಪಲ್ಲಿ ವೈರ್ ಎಳೆದು ನೇರವಾಗಿ ತಾರಸಿ ಟ್ಯಾಂಕ್‌ಗೆ ಕೊಟ್ಟಿರ್ತಾರೆ.

ನಾನು ಇದೇ ಕೆಲಸ ಮಾಡೋನು, ಸ್ವಲ್ಪ ಬಿಡಿಸಿ ಹೇಳ್ತೀನಿ. 2 ಕಿಲೋವ್ಯಾಟ್ ಅಂದ್ರೆ 230 ವೋಲ್ಟಲ್ಲಿ ಹತ್ರತ್ರ 9 ಆಂಪ್ಸ್, 3 ಕಿಲೋವ್ಯಾಟ್ ಆದ್ರೆ 13. ಲೆಕ್ಕಕ್ಕೆ 16 ಆಂಪ್ಸ್ ಪ್ಲಗ್ ಸಾಕು, ಆದ್ರೆ ಮಿಕ್ಸಿ ತರ ಎರಡು ನಿಮಿಷ ಓಡಿ ನಿಲ್ಲೋ ಲೋಡ್ ಅಲ್ಲ ಇದು, ಒಂದೇ ಸಮ ಎರಡು ಮೂರು ಗಂಟೆ ಎಳೆಯತ್ತೆ. ಹಳೇ ಸಾಕೆಟಲ್ಲಿ ಹಿಡಿತ ಸಡಿಲ ಆಗಿದ್ರೆ ಬಿಸಿಯಾಗೋದು ಅಲ್ಲೇ. ಪಿನ್ ಸುತ್ತ ಪ್ಲಾಸ್ಟಿಕ್ ಮೊದ್ಲು ಹಳದಿ ಆಗತ್ತೆ, ಆಮೇಲೆ ಕಂದು ಆಗತ್ತೆ, ಸುಟ್ಟ ವಾಸನೆ ಬರೋ ಹೊತ್ತಿಗೆ ಒಳಗಿನ ಸ್ಪ್ರಿಂಗ್ ಬಿಗಿ ಪೂರ್ತಿ ಹೋಗಿರತ್ತೆ. ಜೆಪಿನಗರದವರು ಇವತ್ತೇ ಒಂದ್ಸಲ ಪ್ಲಗ್ ಕಿತ್ತು ಪಿನ್ ಬಣ್ಣ ನೋಡ್ಬಿಡಿ. ಹೆದ್ರಿಸ್ತಿಲ್ಲ, ಮನೇಲಿ ಎಲ್ಲರೂ ಮಲಗಿರೋ ಹೊತ್ತಲ್ಲಿ ಓಡೋ ಲೋಡ್ ಅದು, ಅದಕ್ಕೆ ಹೇಳಿದ್ದು.

ನಾಗರಭಾವಿ ಸರ್, ನಿಮಗೆ ಸರಿಹೋಗೋದು ಕಾಂಟ್ಯಾಕ್ಟರ್, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಲೋಡ್ ಆನ್ ಆಫ್ ಮಾಡೋ ಸ್ವಿಚ್. 25 ಆಂಪ್ಸ್, ಎರಡು ಪೋಲ್, ಅದನ್ನ ಎಳೆಯೋಕೆ ಅದರದೇ ಸಣ್ಣ 230 ವೋಲ್ಟ್ ಕಾಯಿಲ್ ಇರೋದು, ಡಿಬಿ (ಮನೆ ಕರೆಂಟ್ ಹಂಚೋ ಪೆಟ್ಟಿಗೆ) ಒಳಗೇ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್) ಪಕ್ಕ ಕೂರತ್ತೆ. ನೀರು ಕಾಯಿಸೋ ಕಾಯಿಲ್‌ಗೆ ಹೋಗೋ ಅಷ್ಟೂ ಕರೆಂಟು ಕಾಂಟ್ಯಾಕ್ಟರ್ ಮೂಲಕ ಹೋಗತ್ತೆ, ನಿಮ್ಮ ವೈಫೈ ಸ್ವಿಚ್ ಕಾಂಟ್ಯಾಕ್ಟರ್ ಎಳೆಯೋ ಕೆಲಸ ಮಾತ್ರ ಮಾಡತ್ತೆ, ಅದಕ್ಕೆ ಬೇಕಾಗಿರೋದು ಚೂರೇ ಚೂರು ಕರೆಂಟು. ಸ್ಮಾರ್ಟ್ ಸ್ವಿಚ್ ಒಳಗಿನ ಸಣ್ಣ ರಿಲೇ ಅಂಟ್ಕೊಂಡು ಆನಲ್ಲೇ ನಿಂತ್ಬಿಡೋ ಭಯ ಇದರಿಂದ ತುಂಬ ಕಮ್ಮಿ ಆಗತ್ತೆ. ಮತ್ತೆ ಆ ಲೈನ್‌ಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋದು) ಇದೆಯಾ ನೋಡಿ. ಇಲ್ಲ ಅಂದ್ರೆ ಸ್ಮಾರ್ಟು ಗೀರ್ಟು ಎಲ್ಲ ಆಮೇಲೆ, ಮೊದ್ಲು ಅದು. ಅರ್ಥಿಂಗೂ ಚೆಕ್ ಮಾಡಿಸಿ, ಎಷ್ಟೋ ಮನೇಲಿ ತಾರಸಿ ಟ್ಯಾಂಕ್‌ಗೆ ಹಸಿರು ವೈರೇ ಹೋಗಿರಲ್ಲ.

ವೂಸ್ಟರ್_ಕನ್ನಡಿಗ

ನಾನು ಹುಟ್ಟಿ ಬೆಳೆದಿದ್ದು ಹನುಮಂತನಗರ, ಈಗ ಮ್ಯಾಸಚೂಸೆಟ್ಸ್‌ನ ವೂಸ್ಟರಲ್ಲಿ ಇದೀನಿ. ನಮ್ಮನೇಲೂ ಆಯಿಲ್ ಬಾಯ್ಲರೇ, ಅದಕ್ಕೆ ಅಕ್ಕ ತರೋ ಥರ್ಮೋಸ್ಟಾಟ್ ವಿಷಯ ಹೇಳ್ತೀನಿ. ದಯವಿಟ್ಟು ಅದನ್ನ ಕಾಯಿಲ್‌ಗೆ ಕೊಡಬೇಡಿ.

ಇಲ್ಲಿ ಗೋಡೆ ಮೇಲಿರೋ ಥರ್ಮೋಸ್ಟಾಟ್‌ಗೆ ಬರೋದು ಬರೀ 24 ವೋಲ್ಟ್. ಬಾಯ್ಲರ್, ಬರ್ನರ್, ಪಂಪು ಎಲ್ಲ ಕೆಳಗೆ ಬೇಸ್‌ಮೆಂಟಲ್ಲಿ, ಪಕ್ಕದಲ್ಲೇ 275 ಗ್ಯಾಲನ್ ಎಣ್ಣೆ ಟ್ಯಾಂಕು. ಮನೆ ತಣ್ಣಗಾಯ್ತು ಅಂದ್ರೆ ಥರ್ಮೋಸ್ಟಾಟ್ ಎರಡು ತಂತಿ ಸೇರಿಸತ್ತೆ ಅಷ್ಟೇ, ಬರ್ನರ್ ಹೊತ್ತಿಸೋದು, ಬಾಯ್ಲರ್ ನೀರು ಎಷ್ಟು ಬಿಸಿಗೆ ನಿಲ್ಲಬೇಕು ಅಂತ ನೋಡ್ಕೊಳೋದು ಎಲ್ಲ ಕೆಳಗಿರೋ ಅಕ್ವಾಸ್ಟಾಟ್ ಅನ್ನೋ ಕಂಟ್ರೋಲು. 24 ವೋಲ್ಟಿಂದನ್ನ ನೀವು 230 ವೋಲ್ಟ್ ಲೈನ್‌ಗೆ ಕೊಟ್ರೆ ಹಾಕಿದ ಕ್ಷಣವೇ ಸುಟ್ಟುಹೋಗತ್ತೆ, ಬೆಂಕಿ ಹತ್ಕೊಂಡ್ರೂ ಆಶ್ಚರ್ಯ ಇಲ್ಲ.

ಇಲ್ಲೂ ಸಲೀಸಾಗಿ ಕೂರತ್ತೆ ಅಂದ್ಕೋಬೇಡಿ. ಹಳೇ ಮನೆಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡೇ ತಂತಿ ಬಂದಿರತ್ತೆ, ಸ್ಮಾರ್ಟ್ ಆದ್ರೆ ಅದರ ವೈಫೈಗೆ ಸದಾ ಕರೆಂಟ್ ಬೇಕಲ್ಲ, ಅದಕ್ಕೆ ಸಿ ವೈರ್ ಅಂತ ಇನ್ನೊಂದು ಬೇಕು. ಗ್ಯಾಸ್ ಫರ್ನೇಸಲ್ಲಿ ಅದು ಬೋರ್ಡಲ್ಲೇ ಸಿಗತ್ತೆ, ಹಳೇ ಆಯಿಲ್ ಬಾಯ್ಲರಲ್ಲಿ ಎಷ್ಟೋ ಸಲ ಸಿಗಲ್ಲ, ಆವಾಗ ಬೇರೆ 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇಟ್ಟು ಮಧ್ಯೆ ಒಂದು ರಿಲೇ ಹಾಕ್ತಾರೆ. ರಾಜಾಜಿನಗರದವರು ಹೇಳಿದ ಕಾಂಟ್ಯಾಕ್ಟರ್ ಐಡಿಯಾನೂ ಅದೇನೇ, ಆಜ್ಞೆ ಕೊಡೋ ಸರ್ಕ್ಯೂಟ್ ಬೇರೆ, ಲೋಡ್ ಹೊರೋ ಸರ್ಕ್ಯೂಟ್ ಬೇರೆ.

ಒಂದು ಮುಖ್ಯ ವ್ಯತ್ಯಾಸ ಇದೆ, ಅದನ್ನ ಹೇಳ್ಲೇಬೇಕು. ಇಲ್ಲಿ ಜನವರಿಲಿ ಥರ್ಮೋಸ್ಟಾಟ್ ಕೈಕೊಟ್ಟು ಹೀಟಿಂಗ್ ನಿಂತ್ರೆ ಗೋಡೆ ಒಳಗಿನ ಪೈಪಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯತ್ತೆ, ಊರಿಗೆ ಹೋದಾಗ ಆದ್ರಂತೂ ಮನೆಯೆಲ್ಲ ನೀರು. ಹಾಗಾಗಿ ಇಲ್ಲಿ ಎಲ್ಲರ ಚಿಂತೆ, ಕೆಟ್ಟುಹೋದ್ರೂ ಹೀಟಿಂಗ್ ನಡೀತಿರಬೇಕು ಅಂತ. ಬೆಂಗಳೂರಲ್ಲಿ ಉಲ್ಟಾ, ಕೆಟ್ಟುಹೋದ್ರೆ ಆಫ್ ಆಗೇ ಇರಬೇಕು, ಒಂದಿನ ಒಲೆ ಮೇಲೆ ನೀರು ಕಾಯಿಸ್ಕೊಂಡ್ರೆ ಆಯ್ತು. ಏನೇ ತಗೊಂಡ್ರೂ ವೈಫೈ ಹೋದಾಗ ಏನ್ಮಾಡತ್ತೆ, ಸೆನ್ಸರ್ ಕಿತ್ತುಹೋದಾಗ ಏನ್ಮಾಡತ್ತೆ, ಪವರ್ ಹೋಗಿ ಬಂದಾಗ ಏನ್ಮಾಡತ್ತೆ, ಈ ಮೂರನ್ನೂ ನೀವೇ ಕಿತ್ತು ಹಾಕಿ ನೋಡಿ ಆಮೇಲೆ ನಂಬಿ.

ಬಿಸಿಲು_ಅಕ್ಕ

ಸೋಲಾರ್ ಹೀಟರ್ ಕೂರಿಸೋ, ಸರ್ವೀಸ್ ಮಾಡೋ ಕೆಲಸದಲ್ಲಿದೀನಿ, ಅದಕ್ಕೆ ಸ್ವಲ್ಪ ಉದ್ದ ಆಗತ್ತೆ, ಓದಿ ತಮ್ಮಾ.

ಎಲ್ಲರೂ ಸ್ವಿಚ್ ಬಗ್ಗೆ ಮಾತಾಡ್ತಿದೀರ, ನೀರಿನ ಲೆಕ್ಕ ಯಾರೂ ಹಾಕ್ಲಿಲ್ಲ. 1 ಲೀಟರ್ ನೀರನ್ನ 1 ಡಿಗ್ರಿ ಏರಿಸೋಕೆ ಸುಮಾರು 1.16 ವ್ಯಾಟ್ ಅವರ್ ಬೇಕು. ಮೋಡ ಮುಚ್ಚಿರೋ ವಾರದಲ್ಲಿ ನಿಮ್ಮ ಟ್ಯಾಂಕ್ ನೀರು 22 ಡಿಗ್ರಿಗೆ ಬಂದಿದೆ ಅಂತಿಟ್ಕೊಳಿ, ಕಾಯಿಲ್ ಒಳಗಿನ ಥರ್ಮೋಸ್ಟಾಟ್ 60ಕ್ಕೆ ಕಟ್ ಆಗೋ ಹಾಗಿದೆ ಅಂತಿಟ್ಕೊಳಿ. 200 ಲೀಟರು, 38 ಡಿಗ್ರಿ, ಹತ್ರತ್ರ 9 ಯೂನಿಟ್. ಅಷ್ಟಕ್ಕೆ ನಿಮ್ಮ 2 ಕಿಲೋವ್ಯಾಟ್ ಕಾಯಿಲ್ ನಾಲ್ಕೂವರೆ ಗಂಟೆ ಓಡ್ಬೇಕು. ಈಗ ಅಪ್ಪ ಅಮ್ಮನ ಸ್ನಾನ ನೋಡಿ. ಬಕೆಟ್ ಸ್ನಾನ ಅಲ್ವಾ? 20 ಲೀಟರ್ ಬಕೆಟ್, 40 ಡಿಗ್ರಿ ಇದ್ರೆ ಹದ. ಇಬ್ಬರಿಗೆ ಎರಡು ಬಕೆಟ್ ಅಂದ್ರೂ ಒಂದು ಯೂನಿಟ್ಟೂ ಆಗಲ್ಲ. ಎರಡು ಬಕೆಟ್ ನೀರಿಗೋಸ್ಕರ 200 ಲೀಟರ್ ಕಾಯಿಸೋದು ಅಂದ್ರೆ ಇಬ್ಬರ ಊಟಕ್ಕೆ ಮದುವೆ ಮನೆ ಕೊಳದಪ್ಪಲೆ ಒಲೆ ಮೇಲಿಟ್ಟ ಹಾಗೆ. ಸ್ವಿಚ್ ಎಷ್ಟೇ ಸ್ಮಾರ್ಟ್ ಇರ್ಲಿ, ಆ ಖರ್ಚು ಅದು ಉಳಿಸಲ್ಲ.

ರಾತ್ರಿ ಕಾಯಿಸಿದ್ರೆ ಇನ್ನೊಂದು ನಷ್ಟ ಇದೆ. ಬೆಳಗ್ಗೆ ಹೊತ್ತಿಗೆ ಟ್ಯಾಂಕ್ ಪೂರ್ತಿ ಬಿಸಿ ಇರತ್ತೆ, ನೀವು ಬಳಸೋದು ಅದರಲ್ಲಿ ಸ್ವಲ್ಪ, ಮಿಕ್ಕಿದ್ದು ಹಾಗೇ ಬಿಸಿ ಉಳಿಯತ್ತೆ. ಒಂಬತ್ತು ಗಂಟೆ ಮೇಲೆ ಮೋಡ ಬಿಟ್ಟು ಬಿಸಿಲು ಬಂದ್ರೂ ಆಗಲೇ ಬಿಸಿ ಇರೋ ನೀರಿಗೆ ಅದು ಸೇರಿಸೋದು ಕಡಿಮೆ. ಕರೆಂಟಿಗೆ ದುಡ್ಡು ಕೊಟ್ಟು ಬಿಟ್ಟಿ ಬಿಸಿಲಿಗೆ ಜಾಗ ಇಲ್ದ ಹಾಗೆ ಮಾಡ್ಕೊಂಡ್ರಿ ಅಂತಾಯ್ತು.

ನನ್ನ ಸಲಹೆ, ಕೆಳಗಿನ ಬಾತ್‌ರೂಮಲ್ಲಿ 15 ಲೀಟರ್ ಗೀಸರ್ ಹಾಕ್ಸಿ, ಸೋಲಾರ್ ಲೈನನ್ನೇ ಅದರ ಇನ್‌ಲೆಟ್‌ಗೆ ಕೊಡಿ. ಮೇಲಿಂದ ಬಿಸಿ ನೀರು ಬಂದ್ರೆ ಗೀಸರ್ ಥರ್ಮೋಸ್ಟಾಟ್ ಆನೇ ಆಗಲ್ಲ, ಉಗುರುಬೆಚ್ಚಗೆ ಬಂದ್ರೆ ಎಷ್ಟು ಕಮ್ಮಿ ಇದೆಯೋ ಅಷ್ಟು ಮಾತ್ರ ಕಾಯಿಸತ್ತೆ. ಪೂರ್ತಿ ತಣ್ಣೀರೇ ಬಂದ್ರೂ 15 ಲೀಟರ್ 60ಕ್ಕೆ ಬರೋಕೆ ಇಪ್ಪತ್ತು ನಿಮಿಷ, ಮುಕ್ಕಾಲು ಯೂನಿಟ್ ಒಳಗೆ ಮುಗಿಯತ್ತೆ. ಗೀಸರ್ ತಗೊಳೋಕ್ ಮುಂಚೆ ಎಷ್ಟು ಡಿಗ್ರಿ ನೀರು ಒಳಗೆ ಬಿಡಬಹುದು ಅಂತ ಅದರ ಮ್ಯಾನ್ಯುಯಲಲ್ಲಿ ನೋಡಿ. ತಾರಸಿ ಕಾಯಿಲ್ ನೆಂಟ್ರು ಬಂದಾಗಕ್ಕೆ ಇರ್ಲಿ.

ನಾಗರಭಾವಿ_ನಿವಾಸಿ

ಅಕ್ಕ, ಈ ಲೆಕ್ಕ ಇಷ್ಟು ದಿನ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಆದ್ರೆ ಬಾತ್‌ರೂಮ್ ಗೋಡೆ ಒಡೆಯೋಕೆ ಅಪ್ಪ ಒಪ್ಪಲ್ಲ, ಟೈಲ್ಸ್ ಹೋದ್ವರ್ಷ ತಾನೇ ಹಾಕ್ಸಿದ್ದು. ಮೇಲೆ ನಮ್ಮ ಮನೇಲೂ ಇಬ್ಬರು ಮಕ್ಕಳು, ಅವರಿಗೂ ಬೆಳಗ್ಗೆ ಸ್ಕೂಲ್‌ಗೆ ಮುಂಚೆ ಬಿಸಿ ನೀರು ಬೇಕು. ಒಟ್ಟು ಆರು ಜನ. ಸದ್ಯಕ್ಕೆ ಕಾಯಿಲನ್ನೇ ಬಳಸೋದಾದ್ರೆ ಹೇಗೆ ಕಮ್ಮಿ ಖರ್ಚಲ್ಲಿ ನಡೆಸೋದು? ವೂಸ್ಟರ್ ಸರ್‌ಗೂ ಥ್ಯಾಂಕ್ಸ್, ಅಮೆರಿಕಾದಲ್ಲಿರೋ ಅಕ್ಕಂಗೆ ಆ ಥರ್ಮೋಸ್ಟಾಟ್ ತರೋದು ಬೇಡ ಅಂತ ಆಗಲೇ ಮೆಸೇಜ್ ಹಾಕಿದೆ.

ಜೆಪಿನಗರ_ಟೆಕ್ಕಿ

ಪಿನ್ ನೋಡಿದೆ, ಒಂದು ಕಡೆ ಕಂದು ಬಣ್ಣ ಬಂದಿದೆ. ಗೀಸರ್ ಸದ್ಯಕ್ಕೆ ಆಫ್ ಮಾಡಿದೀನಿ, ನಾಳೆನೇ ಸಾಕೆಟ್ ಬದಲಾಯಿಸ್ತೀನಿ. ವೈರಿಂಗ್ ಸರ್, ದೊಡ್ಡ ಉಪಕಾರ ಆಯ್ತು.

ಮೀಟರ್_ಮಲ್ಲೇಶ್ವರ

ನಾಗರಭಾವಿಯವರೇ, ಗೃಹಜ್ಯೋತಿ ಇದೆಯಾ ನಿಮಗೆ? ಇದ್ರೆ ಈ ವಿಷಯ ಇನ್ನೂ ಮುಖ್ಯ. 2023ರಲ್ಲಿ ಸ್ಕೀಮ್ ಶುರುವಾದಾಗ ಹಿಂದಿನ ವರ್ಷದ ಸರಾಸರಿ ತಗೊಂಡು ಅದರ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ ಫ್ರೀ ಅಂತ ಫಿಕ್ಸ್ ಮಾಡಿದ್ರಲ್ಲ, ಆ ಲಿಮಿಟ್ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು. ಆದ್ರೆ ತಿಂಗಳಿಗೆ 200 ದಾಟ್ತು ಅಂದ್ರೆ ಬಿಲ್ ಪೂರ್ತಿ ನಿಮ್ದೇ. ಅಕ್ಕ ಹೇಳಿದ ಲೆಕ್ಕದಲ್ಲಿ ದಿನಕ್ಕೆ 9 ಯೂನಿಟ್ ಕಾಯಿಲ್ ಒಂದೇ ತಿಂದ್ರೆ ತಿಂಗಳಿಗೆ 270, ಫ್ಯಾನು ಫ್ರಿಜ್ಜು ಲೆಕ್ಕಕ್ಕೇ ಬೇಡ. ಅದೇ 3 ಯೂನಿಟ್‌ಗೆ ಇಳಿಸಿದ್ರೆ 90. ಮೋಡದ ತಿಂಗಳಲ್ಲಿ ಫ್ರೀ ಬಿಲ್ ಉಳಿಯತ್ತೋ ಹೋಗತ್ತೋ ಅನ್ನೋದು ಈ ಒಂದು ಸ್ವಿಚ್ ಮೇಲೇ ನಿಂತಿರತ್ತೆ. ಎರಡು ಫ್ಲೋರ್‌ಗೆ ಎರಡು ಮೀಟರ್ ಇದ್ರೆ ಕಾಯಿಲ್ ಯಾವ ಮೀಟರಲ್ಲಿದೆ ಅಂತಾನೂ ನೋಡ್ಕೊಳಿ.

ಬಿಸಿಲು_ಅಕ್ಕ

ಆರು ಜನ ಅಂದ್ರೆ ಲೆಕ್ಕ ಬೇರೆ ಆಗತ್ತೆ, ಆವಾಗ ಕಾಯಿಲ್ ಬಳಸೋದ್ರಲ್ಲಿ ಅರ್ಥ ಇದೆ. ಹಾಗಾದ್ರೆ ಹೀಗ್ ಮಾಡಿ. ಟೈಮರ್ ಒಂದೇ ಬೇಡ, ಟೆಂಪರೇಚರ್ ನೋಡೋ ಕಂಟ್ರೋಲ್ ಬೇಕು. ಬೆಳಗಿನ ಜಾವ ಮೂರಕ್ಕೆ ಟ್ಯಾಂಕ್ ಮೇಲ್ಭಾಗದ ನೀರು 42ಕ್ಕಿಂತ ಕಮ್ಮಿ ಇದ್ರೆ ಮಾತ್ರ ಆನ್, 45 ಆಯ್ತು ಅಂದ್ರೆ ಆಫ್, ಏನೇ ಆದ್ರೂ ಐದೂವರೆಗೆ ಆಫ್. 30 ಡಿಗ್ರಿ ಇದ್ದ ಟ್ಯಾಂಕನ್ನ 45ಕ್ಕೆ ತರೋಕೆ ಮೂರೂವರೆ ಯೂನಿಟ್, ಅಂದ್ರೆ ಒಂದೂಮುಕ್ಕಾಲು ಗಂಟೆ ಸಾಕು. ಬಿಸಿಲಿದ್ದ ದಿನ ಅದು ಆನೇ ಆಗಲ್ಲ.

ಇನ್ನೊಂದು ಮಾತು, ಮನೇಲಿ ವಯಸ್ಸಾದವರಿದಾರೆ ಅಂತ ಹೇಳ್ತಿರೋದು. 20ರಿಂದ 45 ಡಿಗ್ರಿ ಒಳಗೆ ನೀರು ದಿನಗಟ್ಲೆ ನಿಂತ್ರೆ ಲೆಜಿಯೋನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ಅನುಕೂಲ, ಶ್ವಾಸಕೋಶಕ್ಕೆ ತೊಂದ್ರೆ ಕೊಡೋದು ಅದು. ಬಿಸಿಲಿರೋ ದಿನ ಟ್ಯಾಂಕ್ ತಾನಾಗೇ 60 ದಾಟತ್ತೆ, ಚಿಂತೆ ಇಲ್ಲ. ಮೋಡ ತುಂಬ ದಿನ ಮುಂದುವರೆದ್ರೆ ಮಧ್ಯೆ ಒಂದ್ಸಲ ಬೇಕಂತಲೇ 60ಕ್ಕೆ ಏರಿಸಿ ಬಿಡಿ. ಆ ದಿನ ಬಕೆಟ್‌ಗೆ ಮೊದ್ಲು ತಣ್ಣೀರು ಬಿಟ್ಕೊಳೋಕೆ ಎಲ್ಲರಿಗೂ ಹೇಳಿ.

ಕೋರಮಂಗಲ_ಇಎಸ್‌ಪಿ

ಅಕ್ಕ ಹೇಳಿದ್ದನ್ನ ಮಾಡೋಕೆ ರೆಡಿಮೇಡ್ ಸಿಗತ್ತೆ. ಸೋನಾಫ್ ಟಿಎಚ್ ಸೀರೀಸ್ ವೈಫೈ ಸ್ವಿಚ್ ನೋಡಿ, ಅದಕ್ಕೆ ಡಿಎಸ್18ಬಿ20 ಅನ್ನೋ ವಾಟರ್‌ಪ್ರೂಫ್ ಸೆನ್ಸರ್ ಚುಚ್ಚಬಹುದು, 85 ಡಿಗ್ರಿ ತನಕ ಅರ್ಧ ಡಿಗ್ರಿ ಹೆಚ್ಚು ಕಮ್ಮಿ ಅಷ್ಟೇ. ಇಷ್ಟಕ್ಕಿಂತ ಕೆಳಗೆ ಆನ್, ಇಷ್ಟಕ್ಕಿಂತ ಮೇಲೆ ಆಫ್ ಅಂತ ಅದರಲ್ಲೇ ಸೆಟ್ ಮಾಡಬಹುದು. ಅದರ ಔಟ್‌ಪುಟ್ ಕಾಂಟ್ಯಾಕ್ಟರ್‌ಗೆ ಕೊಡಿ, ನೇರ ಕಾಯಿಲ್‌ಗೆ ಬೇಡ. ಕರೆಂಟ್ ಹೋಗಿ ಬಂದಾಗ ಯಾವ ಸ್ಥಿತೀಲಿ ಇರಬೇಕು ಅನ್ನೋ ಸೆಟ್ಟಿಂಗಲ್ಲಿ ಆಫ್ ಇಡೋದು ಮರೀಬೇಡಿ, ಮಳೆಗಾಲದಲ್ಲಿ ಕರೆಂಟ್ ಹೋಗೋದೂ ಜಾಸ್ತಿ ಕಾಯಿಲ್ ಬೇಕಾಗೋದೂ ಜಾಸ್ತಿ. ವೈಫೈ 2.4 ಗಿಗಾಹರ್ಟ್ಸ್ ಇರಬೇಕು, ಕೆಳಗಿನ ರೂಟರ್ ಎರಡು ಮೋಲ್ಡ್ ದಾಟಿ ತಾರಸಿಗೆ ಸಿಗಲ್ಲ, ಅದಕ್ಕೆ ಡಬ್ಬಿ ಫಸ್ಟ್ ಫ್ಲೋರ್ ಡಿಬಿ ಹತ್ರ ಇಟ್ಟು ಸೆನ್ಸರ್ ವೈರ್ ಮಾತ್ರ ಮೇಲಕ್ಕೆ ಎಳೀರಿ.

ನಾಗರಭಾವಿ_ನಿವಾಸಿ

ಸೆನ್ಸರ್ ಟ್ಯಾಂಕಲ್ಲಿ ಎಲ್ಲಿ ಇಡೋದು? ಮೇಲೆ ಒಂದು ಸಣ್ಣ ಪೈಪ್ ಆಕಾಶ ನೋಡ್ಕೊಂಡು ನಿಂತಿದೆ, ಅದರೊಳಗೆ ಇಳಿಸಬಹುದಾ? ನೆಟ್ಟಲ್ಲಿ ಒಬ್ರು ಹಾಗೆ ಮಾಡಿದ್ದು ನೋಡ್ದೆ.

ಬಿಸಿಲು_ಅಕ್ಕ

ಅದು ಏರ್ ವೆಂಟು ತಮ್ಮಾ, ಅದನ್ನ ಮುಟ್ಟಬೇಡಿ. ನಿಮ್ಮದು ಪ್ರೆಷರ್ ಇಲ್ದಿರೋ ಟ್ಯಾಂಕು, ಒಳಗಿನ ಆವಿ ಹೊರಗೆ ಹೋಗೋದೂ, ನೀರು ಇಳಿದಾಗ ಗಾಳಿ ಒಳಗೆ ಬರೋದೂ ಆ ಪೈಪಲ್ಲೇ. ಸೆನ್ಸರ್ ಇಳಿಸಿ ಮೇಲೆ ಎಂಸೀಲ್ ಮೆತ್ತಿದ್ರೆ ನೀರು ಕೆಳಗೆ ಎಳೆದಾಗ ಟ್ಯಾಂಕ್ ಒಳಕ್ಕೆ ನುಗ್ಗಾಗಿ ಹೋಗತ್ತೆ, ಹಾಗೆ ಸೊಟ್ಟಗಾದ ಟ್ಯಾಂಕನ್ನ ರಿಪೇರಿ ಮಾಡೋಕೆ ಬರಲ್ಲ, ಬದಲಾಯಿಸೋದೇ. ಕಾಯಿಲ್ ಫಿಟ್ ಆಗಿರೋ ಕಡೆ ಕಪ್ಪು ಮುಚ್ಚಳ ಇರತ್ತೆ, ಮೇನ್ ಆಫ್ ಮಾಡಿಸಿ ಅದನ್ನ ತೆಗೆಸಿ ನೋಡಿ. ಒಳಗೆ ಥರ್ಮೋಸ್ಟಾಟ್ ಕಡ್ಡಿ ಒಂದು ಸಣ್ಣ ಕೊಳವೇಲಿ ಕೂತಿರತ್ತೆ, ಕೆಲವು ಮಾಡೆಲಲ್ಲಿ ಪಕ್ಕದಲ್ಲಿ ಇನ್ನೊಂದು ಖಾಲಿ ಕೊಳವೆ ಇರತ್ತೆ, ಸೆನ್ಸರ್‌ಗೆ ಅದೇ ಜಾಗ. ಇಲ್ದಿದ್ರೆ ಬಿಸಿ ನೀರು ಹೊರಗೆ ಬರೋ ಪೈಪು ಟ್ಯಾಂಕ್‌ಗೆ ಸೇರೋ ಬುಡದಲ್ಲೇ ಸೆನ್ಸರ್ ಕಟ್ಟಿ ಮೇಲೆ ದಪ್ಪಗೆ ಇನ್ಸುಲೇಶನ್ ಸುತ್ತಿಸಿ. ಅಲ್ಲಿ ಕೆಲವು ಡಿಗ್ರಿ ಕಮ್ಮಿ ತೋರಿಸತ್ತೆ, ಬಕೆಟಲ್ಲಿ ಥರ್ಮಾಮೀಟರ್ ಇಟ್ಟು ಹೋಲಿಸಿ ಆ ವ್ಯತ್ಯಾಸ ಸೆಟ್ಟಿಂಗಲ್ಲಿ ಸರಿಮಾಡ್ಕೊಳಿ. ಕಾಯಿಲ್ ಜೊತೆ ಬಂದಿರೋ ಥರ್ಮೋಸ್ಟಾಟನ್ನ ಮಾತ್ರ ಯಾವ ಕಾರಣಕ್ಕೂ ತೆಗೆಸಬೇಡಿ, ಮೇಲಿನ ಸ್ಮಾರ್ಟ್ ಕೈಕೊಟ್ರೆ ಕಾಯೋದು ಅದೇ.

ನೀವು ಬೋರ್‌ವೆಲ್ ನೀರು ಬಳಸೋದಾದ್ರೆ ಅದೇ ಸಮಯಕ್ಕೆ ಕಾಯಿಲ್ ಹೊರಗೆ ತೆಗೆಸಿ ನೋಡಿ. ಬಿಳೀ ಸುಣ್ಣ ದಪ್ಪಗೆ ಕಟ್ಕೊಂಡಿದ್ರೆ ಶಾಖ ನೀರಿಗೆ ಇಳಿಯೋದು ನಿಧಾನ, ಕಾಯಿಲ್ ಒಳಗೊಳಗೇ ಕಾದು ಬೇಗ ಒಡೆಯತ್ತೆ. ಮತ್ತೆ ಸಿಂಟೆಕ್ಸ್ ಖಾಲಿಯಾದಾಗ ಸೋಲಾರ್ ಟ್ಯಾಂಕ್ ನೀರು ತಣ್ಣೀರು ಲೈನಲ್ಲಿ ವಾಪಸ್ ಇಳಿಯದ ಹಾಗೆ ಎನ್‌ಆರ್‌ವಿ (ನೀರು ಒಂದೇ ಕಡೆ ಬಿಡೋ ವಾಲ್ವ್) ಇದೆಯಾ ನೋಡಿಸಿ. 2024ರ ಬೇಸಿಗೇಲಿ ನೀರಿಲ್ದಾಗ ಒಣ ಟ್ಯಾಂಕಲ್ಲಿ ಕಾಯಿಲ್ ಓಡಿ ಸುಟ್ಟಿದ್ದು ಎಷ್ಟೋ ಮನೇಲಿ ನೋಡಿದೀನಿ.

ನಾಗರಭಾವಿ_ನಿವಾಸಿ

ಸರಿ ಅಕ್ಕ. ಮೊದ್ಲು ಸೆನ್ಸರ್ ಒಂದನ್ನೇ ಹಾಕ್ಸಿ ಸ್ವಲ್ಪ ದಿನ ಟೆಂಪರೇಚರ್ ನೋಡ್ತೀನಿ, ಕಾಂಟ್ಯಾಕ್ಟರ್ ಆಮೇಲೆ. ಅಮ್ಮನ ಫೋನಲ್ಲೂ ನೀರೆಷ್ಟು ಬಿಸಿ ಇದೆ ಅಂತ ಕಂಡ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ. ವೈರಿಂಗ್ ಸರ್, ಕೊನೇದಾಗಿ ಒಂದು ಪ್ರಶ್ನೆ, ಈಗಿರೋ ಹಳೇ ಸ್ವಿಚ್ ತೆಗೆಸಿಬಿಡ್ಬೇಕಾ?

ವೈರಿಂಗ್_ರಾಜಾಜಿನಗರ

ಬೇಡ ಸರ್, ಇರ್ಲಿ. ಕಾಂಟ್ಯಾಕ್ಟರ್ ಆದ್ಮೇಲೆ ಅದೇ ಸ್ವಿಚ್ ಸೀರೀಸಲ್ಲಿ ಬರ್ಲಿ, ಅದು ಆಫ್ ಇದ್ರೆ ಫೋನಲ್ಲಿ ಯಾರು ಏನೇ ಒತ್ತಿದ್ರೂ ಕಾಯಿಲ್‌ಗೆ ಕರೆಂಟ್ ಹೋಗಬಾರದು. ಬೇಸಿಗೆ ಪೂರ್ತಿ ಆಫ್ ಮಾಡಿಡಿ. ಮೇಲೆ ಟ್ಯಾಂಕ್ ಕ್ಲೀನ್ ಮಾಡೋಕೆ ಬರೋ ಹುಡುಗರಿಗೂ ಎಂಸಿಬಿ ಇಳಿಸಿ ಆಮೇಲೆ ಮುಟ್ಟೋಕೆ ಹೇಳಿ. ಸೆನ್ಸರ್ ವೈರನ್ನ ಕಾಯಿಲ್ ವೈರ್ ಇರೋ ಪೈಪಲ್ಲೇ ತುರುಕಿಸ್ಬೇಡಿ, ಬೇರೆ ಪೈಪಲ್ಲಿ ಎಳೆಸಿ, ತಾರಸಿಲಿ ಬಿಸಿಲಿಗೆ ಬಿಟ್ಟ ವೈರ್ ಸಿಪ್ಪೆ ಬಿರುಕು ಬಿಡತ್ತೆ.